ಅರ್ಧ ನೂಲಿನ ಜಾಗ

"ಗುರುಗಳೇ, ಒಂದೇ ಜಗಳಕ್ಕೆ ಎಷ್ಟು ಸಲ ಕ್ಷಮೆ ಕೇಳಬೇಕು?"

ಕೇಳಿದವನು ನಿಜಗುಣ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅವತ್ತು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಗುರುಗಳಿಗೆ ಕಾಣದಿರಲಿ ಎಂದು ಗಂಟನ್ನು ಬಾಗಿಲ ಹೊರಗೆ ಇಟ್ಟಿದ್ದ. ಗುರುಗಳಿಗೆ ಕಂಡಿತ್ತು.

ಜಗಳ ಯಾವುದೆಂದು ಗುರುಗಳು ಕೇಳಲಿಲ್ಲ. ಮಠದಲ್ಲಿ ಅದು ಅಡುಗೆಯವರಿಗೂ ಗೊತ್ತಿತ್ತು. ಹಿಂದಿನ ವರ್ಷ ಒಂದು ಸಂಜೆ ನಿಜಗುಣ ಪ್ರವಚನ ಮಾಡುತ್ತಿದ್ದಾಗ ಅವನ ಜೊತೆಯ ಶಿಷ್ಯ ಸೋಮಲಿಂಗ ಜನರ ನಡುವಿನಿಂದ ಎದ್ದು, "ಹಾಗಲ್ಲ ಅದು, ಹೀಗೆ" ಎಂದು ತಿದ್ದಿದ್ದ. ಅಂದಿನಿಂದ ಇಬ್ಬರಿಗೂ ಸರಿಯಿಲ್ಲ. ಗುರುಗಳೇ ಮೂರು ಸಲ ಇಬ್ಬರನ್ನೂ ಎದುರು ಬದುರು ಕೂರಿಸಿದ್ದರು. ಮೂರು ಸಲವೂ ಇಬ್ಬರೂ ಒಬ್ಬರ ಕಾಲಿಗೆ ಒಬ್ಬರು ಬಿದ್ದರು, ಕಣ್ಣೀರು ಹಾಕಿದರು, ಅಕ್ಕಪಕ್ಕ ಕೂತು ಉಂಡರು. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಮಾತು, ಅದೇ ಮುಖ.

"ನಾಟಕ ಮಾಡಿಲ್ಲ ಗುರುಗಳೇ," ಎಂದ ನಿಜಗುಣ. "ಪ್ರತಿ ಸಲವೂ ಹಳೆಯದನ್ನೆಲ್ಲ ಬುಡಸಮೇತ ಕಿತ್ತು ಹಾಕಿಯೇ ರಾಜಿಯಾಗಿದ್ದೇನೆ. ಆದರೂ ನಿಲ್ಲುವುದಿಲ್ಲ. ನಾಲ್ಕನೆಯ ಸಲ ಬೇಡ. ಅಪ್ಪಣೆ ಕೊಟ್ಟರೆ ಶಾಖಾಮಠಕ್ಕೆ ಹೋಗಿಬಿಡುತ್ತೇನೆ."

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮಠಕ್ಕೆ ಒಂದು ಹಳೆಯ ಕಾರಿತ್ತು. ಅದರ ದೆಸೆಯಿಂದ ಅವರು ಶಾಸ್ತ್ರದ ಮುಂದೆ ಕೂತಷ್ಟೇ ಹೊತ್ತು ಗ್ಯಾರೇಜಿನ ಬೆಂಚಿನ ಮೇಲೂ ಕೂತಿದ್ದರು. ಹಾಗಾಗಿ ಅವರ ಕತೆಗಳಲ್ಲಿ ರಾಜರು, ಋಷಿಗಳು ಬರುವುದು ಅಪರೂಪ.

"ಕೂತುಕೋ," ಎಂದರು. "ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ."

ಮೆಕ್ಯಾನಿಕ್‌ಗೆ ಕೆಲಸ ಕಲಿಸಿದವನು ಒಬ್ಬ ಉಸ್ತಾದ್. ಗ್ಯಾರೇಜುಗಳಲ್ಲಿ ಗುರುವನ್ನು ಹಾಗೆ ಕರೆಯುತ್ತಾರೆ. ಹನ್ನೆರಡು ವರ್ಷ ಕಲಿಸಿದ. ಸ್ಪ್ಯಾನರ್ ಹಿಡಿಯುವುದರಿಂದ ತೊಡಗಿ, ಎಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವವರೆಗೆ. ಮಧ್ಯಾಹ್ನದ ಊಟ ಉಸ್ತಾದನ ಬುತ್ತಿಯಲ್ಲೇ. ಮದುವೆಯ ಮಾತುಕತೆಗೂ ಉಸ್ತಾದನೇ ಹೋಗಿದ್ದ. ಹುಡುಗಿಯ ಅಪ್ಪನನ್ನು ಹಳೆಯ ಗಾಡಿ ಕೊಳ್ಳುವವನ ಹಾಗೆ ಸುತ್ತಲೂ ಪರೀಕ್ಷಿಸಿ, ಪರವಾಗಿಲ್ಲ ಎಂದು ಬಂದಿದ್ದ.

ಉಸ್ತಾದನಿಗೆ ಒಂದು ಅಭ್ಯಾಸ. ಶಿಷ್ಯ ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ತಾನೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು. ಅನುಮಾನದಿಂದಲ್ಲ. ಬೀಗ ಹಾಕಿದ ಮೇಲೂ ಕೆಲವರು ಎಳೆದು ನೋಡುತ್ತಾರಲ್ಲ, ಹಾಗೆ. ಶಿಷ್ಯನಿಗೆ ಇಪ್ಪತ್ತು ವಯಸ್ಸಾದಾಗಲೂ ನೋಡಿದ, ಮೂವತ್ತಾದಾಗಲೂ ನೋಡಿದ.

ಒಂದು ದಿನ ಗ್ಯಾರೇಜಿನ ಮುಂದೆ ನಾಲ್ಕೈದು ಜನ ಗಿರಾಕಿಗಳು ನಿಂತಿದ್ದರು. ಮೆಕ್ಯಾನಿಕ್ ಒಂದು ಚಕ್ರದ ಬೋಲ್ಟು ಬಿಗಿ ಮಾಡಿ ಎದ್ದ. ಉಸ್ತಾದ್ ಬಗ್ಗಿ ಸ್ಪ್ಯಾನರ್ ಹಾಕಿದ.

"ನೋಡು, ಕಾಲು ಸುತ್ತು ತಿರುಗಿತು. ಲೂಸ್ ಇತ್ತು."

"ಲೂಸ್ ಇರ್ಲಿಲ್ಲ ಉಸ್ತಾದ್. ನೀವು ಜೋರಾಗಿ ಎಳೆದ್ರಿ, ತಿರುಗಿತು."

"ಟೈಟ್ ಇದ್ದಿದ್ರೆ ಎಳೆದ್ರೂ ಹೆಂಗೆ ತಿರುಗ್ತದೆ?"

"ನಿಮ್ಮ ಕೈಗೆ ಸಿಕ್ರೆ ಎಮ್ಮೇನೂ ತಿರುಗ್ತದೆ!"

ನಿಂತವರು ನಕ್ಕರು. ಯಾರನ್ನು ನೋಡಿ ನಕ್ಕರೋ ಗೊತ್ತಾಗಲಿಲ್ಲ. ಹಾಗಾಗಿ ಇಬ್ಬರೂ ತನ್ನನ್ನೇ ಎಂದುಕೊಂಡರು. ಅವತ್ತು ಸಂಜೆ ಮೆಕ್ಯಾನಿಕ್ ತನ್ನ ಹತ್ಯಾರುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೊರಟ. ಅದೇ ರಸ್ತೆಯಲ್ಲಿ, ಉಸ್ತಾದನ ಎದುರಿಗೇ, ಒಂದು ತಗಡಿನ ಶೆಡ್ಡು ಹಾಕಿಕೊಂಡ. ದೂರ ಹೋಗಲು ಸಿಟ್ಟು ಸಾಲಲಿಲ್ಲ, ಹತ್ತಿರ ಇರಲು ಮನಸ್ಸು ಸಾಲಲಿಲ್ಲ.

ಪ್ರತಿ ವರ್ಷ ಆಯುಧಪೂಜೆಯ ದಿನ ಮೆಕ್ಯಾನಿಕ್ ತಲೆಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ತಟ್ಟೆಯಲ್ಲಿ ನಿಂಬೆಹಣ್ಣು, ಬಾಳೆಹಣ್ಣು, ಸಿಹಿ ಇಟ್ಟುಕೊಂಡು ರಸ್ತೆ ದಾಟಿ ಹೋಗುತ್ತಿದ್ದ. ಉಸ್ತಾದನ ಕಾಲು ಮುಟ್ಟುತ್ತಿದ್ದ. ಉಸ್ತಾದ್ ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದ. ಇಬ್ಬರೂ ಬೆಂಚಿನ ಮೇಲೆ ಕೂರುತ್ತಿದ್ದರು. ಚಹಾ ಬರುತ್ತಿತ್ತು.

"ಹಳೇದೆಲ್ಲ ಇನ್ನು ಬೇಡ ಮಗಾ."

"ಬೇಡ ಉಸ್ತಾದ್. ಮರ್ತೇಬಿಟ್ಟಿದ್ದೀನಿ."

"ನಾನೂ ಮರ್ತೆ." ಉಸ್ತಾದ್ ಚಹಾ ಊದುತ್ತಿದ್ದ. "ಆದ್ರೂ ಕಾಲು ಸುತ್ತು ತಿರುಗಿದ್ದು ಮಾತ್ರ ನಿಜ."

ಮೆಕ್ಯಾನಿಕ್ ಅರ್ಧ ಕುಡಿದ ಲೋಟ ಇಟ್ಟು ಎದ್ದು ಬರುತ್ತಿದ್ದ. ಹೀಗೆ ಮೂರು ವರ್ಷವಾಯಿತು.

ನಿಜಗುಣ ನಡುವೆ ಬಾಯಿ ಹಾಕಿದ. "ಅಂದರೆ ಪ್ರತಿ ಸಲ ಕೆದಕಿದವರು ಉಸ್ತಾದರೇ ಅಲ್ಲವೇ ಗುರುಗಳೇ?"

"ಮೊದಲ ವರ್ಷ ಉಸ್ತಾದ್ ಕೆದಕಿದ," ಎಂದರು ಗುರುಗಳು. "ಎರಡನೆಯ ವರ್ಷ ಮೆಕ್ಯಾನಿಕ್ ಕೆದಕಿದ. ಮೂರನೆಯ ವರ್ಷ ಯಾರು ಕೆದಕಿದರೆಂದು ಬೇರೆ ಜಗಳವಾಯಿತು. ಮುಂದೆ ಕೇಳು."

ಆ ಊರಿನಲ್ಲಿ ಒಬ್ಬ ಹೆರಿಗೆ ಡಾಕ್ಟರಮ್ಮ ಇದ್ದರು. ಅರವತ್ತು ದಾಟಿತ್ತು. ಅವರ ಹತ್ತಿರ ಒಂದು ಪುಟ್ಟ ಹಳೆಯ ಕಾರು. ವಾರಕ್ಕೆ ಮೂರು ದಿನ ಅದರಲ್ಲಿ ಬಸ್ಸು ಹೋಗದ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದರು. ಮೆಕ್ಯಾನಿಕ್‌ನ ಇಬ್ಬರು ಹೆಣ್ಣುಮಕ್ಕಳೂ ಅವರ ಕೈಯಲ್ಲೇ ಹುಟ್ಟಿದವರು. ಆದ್ದರಿಂದ ಮೆಕ್ಯಾನಿಕ್‌ನನ್ನು ಬೈಯಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಒಂದು ದಿನ ಕಾರಿನ ಕೆಳಗೆ ಎಣ್ಣೆ ಕಂಡಿತು. ಡಾಕ್ಟರಮ್ಮ ಸಂಜೆ ಕಾರು ನಿಲ್ಲಿಸಿ ಕೆಳಗೆ ಒಂದು ಹಳೆಯ ಪೇಪರು ಹಾಸಿದರು. ಬೆಳಿಗ್ಗೆ ಪೇಪರಿನ ಮೇಲೆ ರೊಟ್ಟಿಯಗಲ ಕಲೆ. ಪೇಪರನ್ನು ಮಡಚಿ ತಂದು ಮೆಕ್ಯಾನಿಕ್‌ನ ಮುಂದೆ ಬಿಚ್ಚಿದರು. ರೋಗಿ ತಂದ ಎಕ್ಸ್‌ರೇ ನೋಡುವಂತೆ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಾನೆಟ್ ಎತ್ತಿದ.

ಎಂಜಿನ್ನಿನ ಮೇಲ್ಭಾಗದಲ್ಲಿ ಕ್ಯಾಮ್‌ಶಾಫ್ಟ್ ಎಂಬ ಉಕ್ಕಿನ ದಂಡವೊಂದು ತಿರುಗುತ್ತಿರುತ್ತದೆ. ಅದರ ತುದಿ ಹೊರಗೆ ಬರುವ ಕಡೆ ಒಂದು ರಬ್ಬರಿನ ಬಳೆ ಇರುತ್ತದೆ. ಅದಕ್ಕೆ ಸೀಲು ಎನ್ನುತ್ತಾರೆ. ಬಳೆಯ ಒಳತುಟಿ ದಂಡವನ್ನು ಮೆಲ್ಲಗೆ ಒತ್ತಿ ಹಿಡಿದಿರುತ್ತದೆ. ದಂಡ ತಿರುಗುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ. ಆ ತುಟಿ ಸೋತರೆ ಎಣ್ಣೆ ಹೊರಗೆ ಬಂದು ಅಲ್ಲೇ ಓಡುವ ಬೆಲ್ಟಿನ ಮೇಲೆ ಬೀಳುತ್ತದೆ. ಎಣ್ಣೆ ಕುಡಿದ ಬೆಲ್ಟು ಒಂದಲ್ಲ ಒಂದು ದಿನ ಜಾರುತ್ತದೆ, ಇಲ್ಲವೇ ಹರಿಯುತ್ತದೆ. ಆಗ ಎಂಜಿನ್ ಎಲ್ಲಿರುತ್ತದೋ ಅಲ್ಲೇ ನಿಲ್ಲುತ್ತದೆ. ಊರಲ್ಲಿ ನಿಂತರೆ ತಳ್ಳಲು ಜನ ಸಿಗುತ್ತಾರೆ. ಡಾಕ್ಟರಮ್ಮ ಹೋಗುವ ದಾರಿಯಲ್ಲಿ ಸಿಗುವುದಿಲ್ಲ.

ಮೆಕ್ಯಾನಿಕ್ ಸೀಲು ಬದಲಾಯಿಸಿದ. ಕೆಲಸ ಶ್ರದ್ಧೆಯದು. ಹಳೆಯ ಸೀಲನ್ನು ದಂಡಕ್ಕೆ ಗೀಚು ಬೀಳದ ಹಾಗೆ ತೆಗೆದ. ಜಾಗವನ್ನು ಬಟ್ಟೆಯಿಂದ ಒರೆಸಿದ. ಹೊಸ ಸೀಲಿನ ತುಟಿಗೆ ಬೆರಳಿನಿಂದ ಎಣ್ಣೆ ಸವರಿದ. ಅಷ್ಟೇ ಅಗಲದ ಪೈಪಿನ ತುಂಡನ್ನು ಅದರ ಮೇಲಿಟ್ಟು, ಒಂದು ಕಡೆ ವಾಲದ ಹಾಗೆ ಮೆಲ್ಲಗೆ ಬಡಿದ. ತಳಕ್ಕೆ ತಾಗಿ ಟಕ್ ಎನ್ನುವವರೆಗೆ ಬಡಿದ. ಉಸ್ತಾದ್ ಕಲಿಸಿದ್ದು ಹಾಗೆ. ಸೀಲು ಪೂರ್ತಿ ಒಳಗೆ ಕೂರಬೇಕು, ಅರೆಬರೆ ಕೂರಿಸುವವನು ಮೆಕ್ಯಾನಿಕ್ ಅಲ್ಲ. ಜಗಳವಾಡಿ ಬಂದಿದ್ದರೂ ಮೆಕ್ಯಾನಿಕ್ ಆ ಪಾಠವನ್ನು ಬಿಟ್ಟಿರಲಿಲ್ಲ.

ತಿಂಗಳಿಗೆ ಮತ್ತೆ ಪೇಪರು ಬಂತು.

ಸೀಲಿನ ರಬ್ಬರು ಕಳಪೆ ಎಂದುಕೊಂಡ. ಪಟ್ಟಣಕ್ಕೆ ಹೋಗಿ ಕಾರಿನ ಕಂಪನಿಯದೇ ಸೀಲು ತಂದು ಹಾಕಿದ. ಟಕ್ ಎನ್ನುವವರೆಗೆ.

ತಿಂಗಳಿಗೆ ಮತ್ತೆ ಪೇಪರು.

ಮೂರನೆಯ ಸಲ ಅವನು ತನ್ನ ಮೇಲೇ ಅನುಮಾನಪಟ್ಟ. ಎಣ್ಣೆ ಮೇಲಿನ ಮುಚ್ಚಳದಿಂದ ಇಳಿದು ಸೀಲಿನ ಹತ್ತಿರ ಬರುತ್ತಿದ್ದರೆ? ಎಂಜಿನ್ನನ್ನು ಪೂರ್ತಿ ತೊಳೆದು ನೋಡಿದ. ಮುಚ್ಚಳದ ಕೆಳಗಿನ ಪ್ಯಾಕಿಂಗನ್ನೂ ಬದಲಾಯಿಸಿದ. ಎಂಜಿನ್ನಿನ ಗಾಳಿ ಹೋಗುವ ಪೈಪು ಕಟ್ಟಿಕೊಂಡರೂ ಒಳಗಿನ ಒತ್ತಡಕ್ಕೆ ಎಣ್ಣೆ ಹೊರಗೆ ನುಗ್ಗುತ್ತದೆ. ಅದನ್ನೂ ಬಿಚ್ಚಿ ಊದಿ ನೋಡಿದ. ಕಟ್ಟಿರಲಿಲ್ಲ. ಮತ್ತೊಂದು ಹೊಸ ಸೀಲು ಹಾಕಿದ.

ಈ ಸಲ ತಿಂಗಳೂ ತುಂಬಲಿಲ್ಲ. ಡಾಕ್ಟರಮ್ಮ ಪೇಪರು ಬಿಚ್ಚಲೂ ಇಲ್ಲ, ಕಾರಿನಿಂದ ಇಳಿಯಲೂ ಇಲ್ಲ.

"ಏನಪ್ಪಾ, ನಿನ್ನ ಹೆಂಡತಿಗೆ ಎರಡು ಹೆರಿಗೆ ಮಾಡ್ಸಿದೀನಿ. ಯಾವತ್ತಾದ್ರೂ ಬಂದು, ನೀವು ಹಾಕಿದ ಹೊಲಿಗೆ ಬಿಚ್ಕೊಂಡಿದೆ ಅಂದಳಾ?"

"ಇಲ್ಲಮ್ಮ."

"ಮತ್ತೆ ನೀನು ಹಾಕಿದ್ದು ಮಾತ್ರ ಯಾಕೆ ತಿಂಗಳಿಗೊಂದ್ಸಲ ಬಿಚ್ಕೊಳ್ತದೆ?"

ಮೆಕ್ಯಾನಿಕ್ ತಲೆ ತಗ್ಗಿಸಿದ. ಡಾಕ್ಟರಮ್ಮನ ದನಿ ಇಳಿಯಿತು.

"ನೋಡಪ್ಪ, ನಡುದಾರೀಲಿ ನಿಂತ್ರೆ ನನಗೇನಾಗ್ತದೆ? ನೆರಳಲ್ಲಿ ಕೂತ್ಕೊಳ್ತೀನಿ. ಅಲ್ಲಿ ನೋವು ತಿಂತಾ ದಾರಿ ಕಾಯ್ತಾಳಲ್ಲ, ಅವಳ ಗತಿ ಹೇಳು. ಇದೇ ಕೊನೆ. ಇನ್ನೊಂದ್ಸಲ ಸೋರಿದ್ರೆ ಗುಜರಿಗೆ ಹಾಕಿ ಮನೇಲಿ ಕೂರ್ತೀನಿ. ಈ ವಯಸ್ಸಲ್ಲಿ ಇನ್ನೊಂದು ಕಾರಿನ ಗೇರು ಕಲಿಯೋಳು ನಾನಲ್ಲ. ಬುಧವಾರ ಬೆಳಿಗ್ಗೆ ನನಗೆ ಗಾಡಿ ಬೇಕು."

ಅವತ್ತು ಸೋಮವಾರ. ಡಾಕ್ಟರಮ್ಮ ಕಾರಿನಿಂದ ಇಳಿದು ಛತ್ರಿ ಬಿಚ್ಚಿಕೊಂಡು ನಡೆದೇ ಹೋದರು.

ಮೆಕ್ಯಾನಿಕ್ ಬೆಲ್ಟು ಬಿಚ್ಚಿದ, ದಂಡದ ತುದಿಯಲ್ಲಿ ಬೆಲ್ಟು ಓಡುವ ಹಲ್ಲಿನ ಚಕ್ರ ತೆಗೆದ, ಸೀಲು ಕಿತ್ತ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಸೀಲಿಗೆ ಏನೂ ಆಗಿರಲಿಲ್ಲ. ಹೊಸದರ ಹಾಗೇ ಇತ್ತು. ಇನ್ನೊಂದು ಹಾಕಿದರೂ ಸೋರುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರುವವನು ರಸ್ತೆಯ ಆಚೆ ಬೆಂಚಿನ ಮೇಲೆ ಕೂತಿದ್ದ. ಆಯುಧಪೂಜೆಗೆ ಇನ್ನೂ ನಾಲ್ಕು ತಿಂಗಳಿತ್ತು.

ಅವನು ಹಾಗೇ ಎದ್ದ. ಸ್ನಾನವಿಲ್ಲ, ಬಿಳಿ ಅಂಗಿಯಿಲ್ಲ, ತಟ್ಟೆಯಿಲ್ಲ. ಮೊಣಕೈವರೆಗೆ ಮಸಿ. ಕೈಯಲ್ಲಿ ಸೋರಿದ ಸೀಲು. ರಸ್ತೆ ದಾಟಿ ಹೋಗಿ ಅದನ್ನು ಉಸ್ತಾದನ ಮುಂದೆ ಹಿಡಿದ. ಕಾಲು ಮುಟ್ಟುವುದು ಮರೆತೇಹೋಯಿತು.

ಉಸ್ತಾದನ ಕಣ್ಣಿಗೆ ಪೊರೆ ಬಂದಿತ್ತು. ಸೀಲನ್ನು ಮೂಗಿನ ಹತ್ತಿರ ತಂದು ನೋಡಿದ. ಬೆರಳಿನಿಂದ ತುಟಿಯನ್ನು ಸುತ್ತಲೂ ಸವರಿದ.

"ಚೆನ್ನಾಗೈತಲ್ಲ."

"ಚೆನ್ನಾಗೇ ಇದೆ ಉಸ್ತಾದ್. ಸೋರ್ತದೆ."

"ಮೂರನೇದಾ ಇದು?"

"ನಿಮಗೆ ಹೆಂಗೆ ಗೊತ್ತು?"

"ಕಣ್ಣು ಮಂಜಾಗೈತೆ, ಕಿವಿ ಅಲ್ಲ. ಡಾಕ್ಟರಮ್ಮ ಬೈದ್ರೆ ಈ ರಸ್ತೆಗೆಲ್ಲ ಕೇಳಿಸ್ತದೆ. ನಡಿ."

ಉಸ್ತಾದ್ ಅವನ ಹೆಗಲ ಮೇಲೆ ಕೈಯಿಟ್ಟು ರಸ್ತೆ ದಾಟಿದ. ಮೂರು ವರ್ಷದಲ್ಲಿ ಆ ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತ ನೋಡಲಿಲ್ಲ. ನೋಡಿದರೂ ಕಾಣುತ್ತಿರಲಿಲ್ಲ. ನೇರ ಎಂಜಿನ್ನಿನ ಮೇಲೆ ಬಗ್ಗಿ, ದಂಡದ ತುದಿಯನ್ನು ಹುಡುಕಿ, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಉದ್ದಕ್ಕೆ ಎಳೆದ. ಒಮ್ಮೆ ಎಳೆದ, ಎರಡು ಸಲ ಎಳೆದ. ನಕ್ಕ.

"ನೀನು ಎಳಿ."

ಮೆಕ್ಯಾನಿಕ್ ಉಗುರು ಎಳೆದ. ನುಣ್ಣಗೆ ಹೋಗುತ್ತಿದ್ದ ಉಗುರು ಒಂದು ಕಡೆ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದ. ಅಲ್ಲೇ ಸಿಕ್ಕಿತು. ಟಾರ್ಚು ಹಿಡಿದು ನೋಡಿದ. ದಂಡದ ಸುತ್ತ ಕೂದಲೆಳೆಯಂಥ ಒಂದು ಗೀರು. ಮೂರು ಸಲ ಒರೆಸಿದ ಜಾಗವೇ. ಕಣ್ಣಿಗೆ ಕಂಡಿರಲಿಲ್ಲ.

"ಇದು ಯಾರು ಮಾಡಿದ್ದು ಉಸ್ತಾದ್? ನಾನು ಗೀಚಿಲ್ಲ."

"ಸೀಲು ಮಾಡಿದ್ದು."

"ರಬ್ಬರು ಉಕ್ಕನ್ನ ತಿಂತದಾ?"

"ಒಂದೇ ಕಡೆ ಇಪ್ಪತ್ತು ವರ್ಷ ಉಜ್ಜಿದ್ರೆ ಏನನ್ನಾದ್ರೂ ತಿಂತದೆ. ನೀನು ಸೀಲು ಹೊಸದು ಹಾಕ್ದೆ, ಸರಿ. ದಂಡ ಹಳೇದೇ ತಾನೆ? ಹೊಸ ತುಟಿ ಸೀದಾ ಹೋಗಿ ಹಳೇ ಗೀರಲ್ಲೇ ಕೂತ್ಕೊಳ್ತು. ಎಷ್ಟು ಹೊಸದು ಹಾಕಿದ್ರೂ ಅಲ್ಲೇ ಕೂರ್ತದೆ. ಎಣ್ಣೆಗೆ ಅಲ್ಲಿ ದಾರಿ ಗೊತ್ತು."

ಮೆಕ್ಯಾನಿಕ್ ಟಾರ್ಚು ಆರಿಸಿದ. "ಹಾಗಾದ್ರೆ ದಂಡನೇ ಬದಲಾಯಿಸ್ಬೇಕಾ? ಈ ಗಾಡಿಗೆ ಎಲ್ಲಿ ಸಿಗ್ತದೆ?"

"ಸಿಗಲ್ಲ. ದಂಡ ಇರ್ಲಿ, ಗೀರೂ ಇರ್ಲಿ. ಸೀಲನ್ನ ಅಲ್ಲಿ ಕೂರಿಸ್ಬೇಡ ಅಷ್ಟೆ. ಪೂರ್ತಿ ಒಳಗೆ ತಳ್ಳಬೇಡ. ಸ್ವಲ್ಪ ಮುಂಚೇನೇ ನಿಲ್ಲಿಸು. ತುಟಿ ಸವೆಯದ ಜಾಗಕ್ಕೆ ಬೀಳ್ತದೆ."

"ನೀವೇ ಕಲಿಸಿದ್ರಲ್ಲ ಉಸ್ತಾದ್, ಟಕ್ ಅನ್ನೋವರ್ಗೂ ತಳ್ಳು ಅಂತ?"

"ಅದು ಹೊಸ ಎಂಜಿನ್ನಿನ ಪಾಠ. ಹಳೇದರ ಪಾಠ ಹೇಳೋಷ್ಟರಲ್ಲಿ ನೀನು ಎದ್ದು ಹೋದೆ."

ಮಾತು ಅಲ್ಲಿಗೆ ಬಂದು ನಿಂತಿತು.

ನಾನು ಎದ್ದು ಹೋಗಲಿಲ್ಲ, ನೀವು ಎಬ್ಬಿಸಿದಿರಿ ಎಂಬ ಮಾತು ಮೆಕ್ಯಾನಿಕ್‌ನ ನಾಲಿಗೆಯ ತುದಿಗೆ ಬಂದಿತ್ತು. ಮೂರು ವರ್ಷ ತಿಕ್ಕಿ ಹೊಳಪು ಬಂದಿದ್ದ ಮಾತು. ಉಸ್ತಾದನೂ ಅದಕ್ಕೆ ಕಾದಿದ್ದ. ಅದರ ಮುಂದಿನದು ಅವನ ಬಾಯಲ್ಲಿ ಸಿದ್ಧವಾಗಿತ್ತು. ಇಬ್ಬರ ನಡುವೆ ಡಾಕ್ಟರಮ್ಮನ ಕಾರು ಬಾಯಿ ತೆರೆದುಕೊಂಡು ನಿಂತಿತ್ತು.

ಮೆಕ್ಯಾನಿಕ್ ಉಗುರಿನ ಮಸಿ ನೋಡಿಕೊಂಡ. ಆಮೇಲೆ ಕೇಳಿದ.

"ಎಷ್ಟು ಬಿಡ್ಬೇಕು ಉಸ್ತಾದ್?"

ಬಾಯಿಗೆ ತಂದುಕೊಂಡಿದ್ದ ಉತ್ತರವನ್ನು ವಾಪಸು ಇಡಲು ಉಸ್ತಾದನಿಗೆ ಕೊಂಚ ಹೊತ್ತು ಬೇಕಾಯಿತು.

"ಅರ್ಧ ನೂಲು," ಎಂದ.

ಒಂದು ಇಂಚಿನಲ್ಲಿ ಎಂಟು ನೂಲು. ಒಂದು ನೂಲಿನಲ್ಲಿ ಅರ್ಧ ಎಂದರೆ ಅಕ್ಕಿಕಾಳಿನ ದಪ್ಪ. ಮೆಕ್ಯಾನಿಕ್ ಹೊಸ ಸೀಲಿಗೆ ಎಣ್ಣೆ ಸವರಿ, ಪೈಪಿನ ತುಂಡು ಇಟ್ಟು ಬಡಿಯತೊಡಗಿದ. ಉಸ್ತಾದ್ ಕಿವಿಗೊಟ್ಟು ನಿಂತ. ಟಕ್ ಎನ್ನುವುದಕ್ಕೆ ಇನ್ನೊಂದು ಪೆಟ್ಟು ಇರುವಾಗ, "ಸಾಕು" ಎಂದ. ಹದಿನೈದು ವರ್ಷ ಆ ಕೊನೆಯ ಪೆಟ್ಟು ಹಾಕಿ ರೂಢಿಯಾದ ಕೈ ಸುತ್ತಿಗೆಯನ್ನು ಕೆಳಗಿಡಲು ಒಪ್ಪಲಿಲ್ಲ.

"ಹೊರಗೆ ಉಬ್ಬಿಕೊಂಡಿದೆ ಉಸ್ತಾದ್. ಕೆಲಸ ಬರದೋನು ಮಾಡಿದ ಹಾಗೆ ಕಾಣ್ತದೆ."

"ಕಾಣ್ಲಿ ಬಿಡು. ಚಂದ ಕಾ‌ಣ್ಬೇಕಾ, ಸೋರೋದು ನಿಲ್ಬೇಕಾ?"

ಮೆಕ್ಯಾನಿಕ್ ಚಕ್ರ ಕೂರಿಸಿದ. ಉಬ್ಬಿದ ಸೀಲು ಅದಕ್ಕೆ ತಗಲುವುದಿಲ್ಲವೆಂದು ಕೈಯಿಂದ ತಿರುಗಿಸಿ ನೋಡಿದ. ಗುರುತಿಗೆ ಗುರುತು ಸೇರಿಸಿ ಹೊಸ ಬೆಲ್ಟು ಹಾಕಿದ. ಕೊನೆಗೆ ಚಕ್ರದ ನಡುವಿನ ಬೋಲ್ಟು. ಅದನ್ನು ಬಿಗಿ ಮಾಡಿ, ಇನ್ನೊಮ್ಮೆ ಬಿಗಿ ಮಾಡಿ, ಸ್ಪ್ಯಾನರ್ ಕೆಳಗಿಟ್ಟ.

ಉಸ್ತಾದನ ಕೈ ಸ್ಪ್ಯಾನರ್ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಅವನಿಗೇ ನೆನಪಾಗಿ ಅಲ್ಲೇ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೆಕ್ಯಾನಿಕ್ ಅದನ್ನು ನೋಡಿದ. ಅವತ್ತಿನ ಗಿರಾಕಿಗಳ ನಗು ನೆನಪಾಯಿತು. ಬುಧವಾರ ಆ ಕಾರಿನಲ್ಲಿ ಯಾರು ಕೂರುತ್ತಾರೆ ಎಂಬುದೂ ನೆನಪಾಯಿತು.

"ಉಸ್ತಾದ್, ಚಹಾ ಹೇಳಿ ಬರ್ತೀನಿ," ಎಂದು ಹೊರಗೆ ನಡೆದ.

ಚಹಾದ ಅಂಗಡಿ ಹತ್ತು ಹೆಜ್ಜೆ ದೂರ. ಅವನು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಅಂಗಡಿಯವನ ಮಗಳ ಪರೀಕ್ಷೆಯ ಬಗ್ಗೆ ವಿಚಾರಿಸಿದ. ಅಂಗಡಿಯವನಿಗೆ ಮಗಳಿರಲಿಲ್ಲ. ತಿರುಗಿ ಬಂದಾಗ ಉಸ್ತಾದ್ ಡಬ್ಬದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಸ್ಪ್ಯಾನರ್ ಇಟ್ಟ ಜಾಗದಲ್ಲಿ ಇರಲಿಲ್ಲ. ಬೋಲ್ಟು ತಿರುಗಿತೋ ಇಲ್ಲವೋ, ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಇಬ್ಬರೂ ಚಹಾ ಕುಡಿದರು. ಲೋಟ ತಳ ಕಾಣುವವರೆಗೆ ಕುಡಿದರು.

ಬುಧವಾರ ಡಾಕ್ಟರಮ್ಮ ಹೊರಟರು. ಅವರು ಯಾರನ್ನೂ ನಂಬುವವರಲ್ಲ. ಸಂಜೆ ಪೇಪರು ಹಾಸಿದರು. ಬೆಳಿಗ್ಗೆ ಪೇಪರು ಓದುವ ಹಾಗಿತ್ತು. ಒಂದು ತಿಂಗಳು ಹಾಸಿದರು, ಎರಡು ತಿಂಗಳು ಹಾಸಿದರು, ಮೂರನೆಯ ತಿಂಗಳು ಹಾಸುವುದನ್ನು ಮರೆತರು. ಮೆಕ್ಯಾನಿಕ್‌ನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, "ಹೊಲಿಗೆ ನಿಂತಿತಪ್ಪ" ಎಂದು ರಸ್ತೆಗೆಲ್ಲ ಕೇಳುವಂತೆ ಹೇಳಿ ಹೋದರು. ಹಳ್ಳಿಗಳಲ್ಲಿ ಮಕ್ಕಳು ಹುಟ್ಟುತ್ತಲೇ ಇದ್ದವು.

ಆ ವರ್ಷ ಆಯುಧಪೂಜೆಗೆ ಮೆಕ್ಯಾನಿಕ್ ತಟ್ಟೆ ಹಿಡಿದು ಹೋಗಲಿಲ್ಲ. ಹಿಂದಿನ ದಿನವೇ ಹಳೆಯ ಅಂಗಿಯಲ್ಲಿ ಹೋಗಿ ಉಸ್ತಾದನ ಶೆಡ್ಡು ತೊಳೆದುಕೊಟ್ಟ. ಉಸ್ತಾದ್ ಪಕ್ಕದಲ್ಲಿ ನಿಂತು, ಮೂಲೆಯಲ್ಲಿ ಕೊಳೆ ಉಳಿದಿದೆ ಎಂದು ಕಾಣದ ಕಣ್ಣಿನಲ್ಲೇ ತೋರಿಸಿದ. ಅವರಿಬ್ಬರೂ ಆಮೇಲೆ ಎಂದೂ ಕ್ಷಮೆ ಕೇಳಿಕೊಳ್ಳಲಿಲ್ಲ. ಒಮ್ಮೊಮ್ಮೆ ಮಾತು ಜಾರುತ್ತ ಜಾರುತ್ತ ಆ ಹಳೆಯ ದಿನದ ಹತ್ತಿರ ಬರುತ್ತಿತ್ತು. ಆಗ ಇಬ್ಬರಲ್ಲಿ ಒಬ್ಬ ಎದ್ದು ಚಹಾ ಹೇಳಲು ಹೋಗುತ್ತಿದ್ದ. ಆ ರಸ್ತೆಯ ಚಹಾದ ಅಂಗಡಿಯವನು ಚೆನ್ನಾಗಿ ಬಾಳಿದ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣನ ಮುಖ ಕೊಂಚ ಸಡಿಲಾಗಿತ್ತು. ಎಮ್ಮೆಯ ಮಾತು ನೆನಪಾಗಿ ಒಮ್ಮೆ ನಕ್ಕ. ಏಳಲು ಹೊರಟವನು ಮತ್ತೆ ಕೂತ. ಏನೋ ಒಂದು ಅವನನ್ನು ಬಿಡಲಿಲ್ಲ.

"ಎಲ್ಲ ತಿಳಿಯಿತು ಗುರುಗಳೇ. ಒಂದು ಮಾತ್ರ ಉಳಿಯಿತು."

"ಕೇಳು."

"ಮೊದಲ ದಿನ, ಎಲ್ಲರ ಎದುರು ಉಸ್ತಾದ್ ಸ್ಪ್ಯಾನರ್ ಹಾಕಿದರಲ್ಲ, ಆ ಬೋಲ್ಟು. ಅದು ನಿಜವಾಗಿ ಸಡಿಲವಾಗಿತ್ತೇ, ಇಲ್ಲವೇ?"

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ಅದನ್ನು ತೀರ್ಮಾನಿಸಲು ಅವರು ಕೂತಿದ್ದರೆ ಡಾಕ್ಟರಮ್ಮನ ಕಾರು ಇವತ್ತಿಗೂ ಸೋರುತ್ತಿತ್ತು, ಮಗು."